ಟೊಂಕ ನೋವು ಮೂರು ತಿಂಗಳು ದಾಟಿದ ಮೇಲೆ ಏನು ಮಾಡಬೇಕು?

ತೊಗರಿ ರಾಶಿ ಮುಗಿದು ಜನವರಿ ಕೊನೆ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ಟೊಂಕ ಹಿಡಿದು ಆರು ತಿಂಗಳಾಯ್ತು. ಗುಳಿಗೆ ತಿಂದಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ. ಏನು ಮಾಡಲಿ?" ಕೇಳುವವರು ಮಾತ್ರ ಬೇರೆ ಬೇರೆ. ಸೇಡಂ ಕಡೆಯ ರೈತ, ಸುರಪುರದಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳು, ಬೀದರಿನಲ್ಲಿ ದಿನವಿಡೀ ಬಗ್ಗಿ ಕೂತು ಬಿದ್ರಿ ಕೆತ್ತುವವರು, ಕಲಬುರಗಿಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ನಾನು ಡಾಕ್ಟರ್ ಅಲ್ಲ. ಒಂಬತ್ತು ವರ್ಷ ಈ ನೋವಿನ ಜೊತೆ ಸಂಸಾರ ಮಾಡಿ, ಓದಿ, ಫಿಸಿಯೋಥೆರಪಿಯವರನ್ನು ಕಾಡಿ ಕೇಳಿ ಕಲಿತವನು. ಹಾಗಾಗಿ ಮೊದಲ ಹಂತವನ್ನು ದಾಟಿಸಿ ಓದಬೇಡಿ. ಅದು ಡಾಕ್ಟರ ಹತ್ತಿರ ಹೋಗಲೇಬೇಕಾದವರಿಗೆ.

12 ವಾರ, ಅಂದರೆ ಸುಮಾರು ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಟೊಂಕ ನೋವಿನ ನೂರು ಜನರಲ್ಲಿ ಸುಮಾರು 90 ಜನಕ್ಕೆ ಇಂಥದ್ದೇ ಎಲುಬು, ಇಂಥದ್ದೇ ನರ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನೋವು ಸುಳ್ಳು ಅಂತಲ್ಲ. ಸ್ನಾಯು, ಕೀಲು, ನರ, ನಿದ್ದೆ, ಚಿಂತೆ, ಕೆಲಸದ ಭಾರ ಎಲ್ಲ ಸೇರಿ ಬೆನ್ನು ಸಣ್ಣದಕ್ಕೂ ಕೂಗುವ ಹಾಗಾಗಿರುತ್ತದೆ. ಆದ್ದರಿಂದ "ಎಲ್ಲಿ ಕೆಟ್ಟಿದೆ" ಎಂದು ಊರೂರು ತಿರುಗುವುದಕ್ಕಿಂತ "ಎಷ್ಟು ಮಾಡಿದರೆ ನೋವು ಏರುತ್ತದೆ" ಎಂದು ಗೊತ್ತುಮಾಡಿಕೊಳ್ಳುವುದೇ ಹೆಚ್ಚು ಉಪಯೋಗ.

ಬೇಕಾಗುವ ಸಾಮಾನು: ನೆಲಕ್ಕೆ ಹಾಸಲು ಒಂದು ಕೌದಿ, ಎರಡು ದಿಂಬು, ಒಂದು ಟವೆಲ್, ಬಿಸಿನೀರಿನ ಚೀಲ, ಒಂದು ಸಣ್ಣ ನೋಟ್‌ಬುಕ್, ಅಲಾರಂ ಇರುವ ಮೊಬೈಲ್. ಅಷ್ಟೇ. ದುಡ್ಡು ಹಾಕಿ ಯಾವ ಯಂತ್ರವನ್ನೂ ತರಬೇಡಿ.

1. ಅಪಾಯದ ಗುರುತು ಇದೆಯೇ ನೋಡಿ

ಈ ಕೆಳಗಿನ ಯಾವುದಾದರೂ ಇದ್ದರೆ ವ್ಯಾಯಾಮವನ್ನು ಅಲ್ಲೇ ಬಿಡಿ.

ಮೂತ್ರ ಬರುತ್ತಿಲ್ಲ ಅಥವಾ ತಡೆಯಲು ಆಗುತ್ತಿಲ್ಲ, ಮಲ ಗೊತ್ತಿಲ್ಲದೆ ಹೋಗುತ್ತಿದೆ, ಕೂರುವ ಜಾಗ ಮತ್ತು ತೊಡೆಯ ಒಳಭಾಗ ಜೋಮು ಹಿಡಿದಂತೆ ಸ್ಪರ್ಶ ತಿಳಿಯುತ್ತಿಲ್ಲ, ಕಾಲು ಸೋತು ಚಪ್ಪಲಿ ಜಾರಿ ಬೀಳುತ್ತಿದೆ: ಇದು ಬೆನ್ನಿನ ಕೆಳಗಿನ ನರಗಳ ಗೊಂಚಲು ಒತ್ತಿ ಹಿಡಿದ ಲಕ್ಷಣ. ಅವತ್ತೇ ಆಸ್ಪತ್ರೆ ಸೇರಬೇಕು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಇದಕ್ಕೆ "ಉಳುಕು ತೆಗೆಸೋಣ" ಎಂದು ಒಂದು ದಿನ ಕಳೆದರೂ ಕಾಲು ಕಾಯಂ ಸೋಲಬಹುದು.

ಸಂಜೆ ಜ್ವರ, ತೂಕ ಇಳಿಯುವುದು, ಹಸಿವಿಲ್ಲ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯ, ಅಂದರೆ ಟಿಬಿ ಇರಬಹುದು. ಟಿಬಿ ಎಂದರೆ ಕೆಮ್ಮು ಎಂದೇ ಜನ ತಿಳಿದಿದ್ದಾರೆ. ಕೆಮ್ಮೇ ಇಲ್ಲದೆ ಬೆನ್ನಿಗೆ ಬರುವ ಟಿಬಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಮೊದಲು ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದವರು, ತುಂಬಾ ದಿನ ಸ್ಟಿರಾಯ್ಡ್ ತೆಗೆದುಕೊಂಡವರು, ವಯಸ್ಸಾದ ಮೇಲೆ ದಿಢೀರನೆ ನೋವು ಶುರುವಾದವರು ಕೂಡ ತಡಮಾಡಬಾರದು.

ವಯಸ್ಸು 40ರ ಒಳಗಿದ್ದು, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಜಾಸ್ತಿ ಬೆನ್ನು ಬಿಗಿದು, ಓಡಾಡಿದರೆ ಕಡಿಮೆಯಾಗಿ, ಮಲಗಿದರೆ ಹೆಚ್ಚಾಗುತ್ತಿದೆಯೇ? ಇದು ಸಂಧಿವಾತದ ಒಂದು ಬಗೆ ಇರಬಹುದು. ಇದಕ್ಕೆ ಬೇರೆಯೇ ಔಷಧಿ ಇದೆ. ಇಂಥ ಹುಡುಗರು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಕೂತಿರುತ್ತಾರೆ.

ನಮ್ಮ ಭಾಗದ್ದೇ ಇನ್ನೊಂದು ಸಂಗತಿ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ. ಫ್ಲೋರೈಡ್ ಅದಕ್ಕಿಂತಲೂ ತುಂಬಾ ಹೆಚ್ಚಿದ್ದರೆ ಮುಂದೆ ಎಲುಬು, ಕೀಲು ಬಿಗಿಯುತ್ತವೆ. ಮನೆಯಲ್ಲಿ ಎರಡು ಮೂರು ಜನಕ್ಕೆ ಬೆನ್ನು ಬಿಗಿ, ಮಕ್ಕಳ ಹಲ್ಲಿನಲ್ಲಿ ಕಲೆ ಇದ್ದರೆ ನೀರು ಪರೀಕ್ಷೆ ಮಾಡಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಪಕ್ಕೆಯಿಂದ ತೊಡೆಸಂದಿಯ ಕಡೆ ಅಲೆಅಲೆಯಾಗಿ ಬರುವ ನೋವು, ಉರಿಮೂತ್ರ ಇದ್ದರೆ ಅದು ಟೊಂಕದ್ದಲ್ಲ, ಕಿಡ್ನಿ ಕಲ್ಲಿನದಿರಬಹುದು. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಹೊಲದಲ್ಲಿ ದುಡಿಯುವವರಲ್ಲಿ ಕಲ್ಲು ಸುಲಭವಾಗಿ ಆಗುತ್ತದೆ.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ: ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ಎಲುಬಿನ ವಿಭಾಗದಲ್ಲಿ ಒಮ್ಮೆ ತೋರಿಸಿ ಬನ್ನಿ.

2. ಎಂಆರ್‌ಐ ವರದಿಗೆ ಹೆದರಬೇಡಿ

ವರದಿಯ ಫೋಟೋ ಕಳಿಸಿ "ಡಿಸ್ಕ್ ಸರಿದಿದೆ, ಆಪರೇಷನ್ ಬೇಕಾ?" ಎನ್ನುವವರೇ ಜಾಸ್ತಿ. ಪದಗಳನ್ನು ಬಿಡಿಸಿ ಹೇಳುತ್ತೇನೆ.

ಟೊಂಕದಲ್ಲಿ ಐದು ಮಣಿಗಳಿವೆ. ಎಲ್-1ರಿಂದ ಎಲ್-5 ಅಂದರೆ ಅವೇ. ಮಣಿ ಮಣಿಯ ನಡುವಿನ ಮೆತ್ತೆಯೇ ಡಿಸ್ಕ್. "ಡಿಜೆನರೇಶನ್" ಎಂದರೆ ಆ ಮೆತ್ತೆ ನೀರಾರಿ ಸವೆದಿರುವುದು. "ಬಲ್ಜ್" ಎಂದರೆ ಮೆತ್ತೆ ತುಸು ಉಬ್ಬಿರುವುದು. "ಸ್ಪಾಂಡಿಲೋಸಿಸ್" ಎಂದರೆ ವಯಸ್ಸಿನ ಸವೆತ. ತಲೆಗೂದಲು ನೆರೆತ ಹಾಗೆ. "ಪ್ರೊಲ್ಯಾಪ್ಸ್" ಎಂದರೆ ಮೆತ್ತೆಯೊಳಗಿನ ತಿರುಳು ಹೊರಚಾಚಿರುವುದು. ಅದು ನರಕ್ಕೆ ತಾಗಿದರೆ ತೊಡೆ, ಮೀನಖಂಡ, ಪಾದದವರೆಗೆ ಚಳಕು ಹೊಡೆಯುತ್ತದೆ. ಇದಕ್ಕೆ ಸಯಾಟಿಕಾ ಎನ್ನುತ್ತಾರೆ.

ಈಗ ಮುಖ್ಯ ಮಾತು. ಒಂದಿಷ್ಟೂ ನೋವಿಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದ್ದಾರೆ. 20ರ ವಯಸ್ಸಿನವರಲ್ಲೇ ಶೇ. 30 ಜನಕ್ಕೆ ಬಲ್ಜ್ ಇತ್ತು, 80ರ ವಯಸ್ಸಿನವರಲ್ಲಿ ಶೇ. 84 ಜನಕ್ಕೆ. ನೋವಿಲ್ಲ, ಬಲ್ಜ್ ಮಾತ್ರ ಇದೆ! ಹಾಗಾಗಿ ವರದಿಯಲ್ಲಿ ಬಲ್ಜ್ ಕಂಡಿದ್ದೇ ನಿಮ್ಮ ನೋವಿಗೆ ಕಾರಣ ಎಂದು ಹೇಳಲು ಬರುವುದಿಲ್ಲ. ಹೊರಚಾಚಿದ ತಿರುಳು ಕೂಡ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನೇ ಕುಗ್ಗುತ್ತದೆ. ಮೊದಲ ಹಂತದ ಗುರುತುಗಳು ಇಲ್ಲದಿದ್ದರೆ ಸ್ಕ್ಯಾನ್‌ಗೆ ಅವಸರ ಬೇಡ.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ಟೊಂಕ ನೋವು, ಬಿಳಿ ಸೆರಗು ಎಂದು ಹೋದವರಿಗೆ "ಗರ್ಭಕೋಶ ತೆಗೆಸಿಬಿಡಿ" ಎಂದದ್ದು ನಮ್ಮಲ್ಲಿ ಹೊಸದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಿಲ್ಲದೆ ಈ ಶಸ್ತ್ರಚಿಕಿತ್ಸೆ ಮಾಡಿದ್ದು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಬರೀ ಟೊಂಕ ನೋವಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆ ಅಲ್ಲವೇ ಅಲ್ಲ. ವಯಸ್ಸಿಗೆ ಮುಂಚೆ ಅಂಡಾಶಯವೂ ಹೋದರೆ ಎಲುಬು ಬೇಗ ಟೊಳ್ಳಾಗಿ ನೋವು ಇನ್ನೂ ಹೆಚ್ಚಬಹುದು. ಯಾರಾದರೂ ಹಾಗೆ ಹೇಳಿದರೆ ಸಹಿ ಹಾಕುವ ಮುಂಚೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳಿ. ಇನ್ನು ಸಿಸೇರಿಯನ್‌ನಲ್ಲಿ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಜೀವನಪೂರ್ತಿ ನೋವು ಎಂಬ ನಂಬಿಕೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ನೋವಿಗೆ ಅದು ಕಾರಣ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹೊಟ್ಟೆಯ ಸ್ನಾಯು ಸಡಿಲವಾಗಿರುವುದು, ಮಗುವನ್ನು ಸದಾ ಒಂದೇ ಟೊಂಕದ ಮೇಲೆ ಎತ್ತಿಕೊಳ್ಳುವುದು, ನಿದ್ದೆ ಇಲ್ಲದಿರುವುದು ಹೆಚ್ಚು ಕಾಡುತ್ತವೆ.

3. ನಿಮ್ಮ ಅಳತೆ ಕಂಡುಹಿಡಿಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದೂ ಇದೇ.

ಸಾಮಾನ್ಯವಾಗಿ ಆಗುವುದೇನು? ಒಂದು ದಿನ ನೋವು ಕಡಿಮೆ ಇರುತ್ತದೆ. ಇವತ್ತು ಆರಾಮಿದೆ ಎಂದು ಬಾಕಿ ಕೆಲಸವನ್ನೆಲ್ಲ ಒಂದೇ ಸಲ ಮುಗಿಸುತ್ತೇವೆ. ಮರುದಿನ ಎದ್ದೇಳಲು ಆಗುವುದಿಲ್ಲ. ಮೂರು ದಿನ ಹೊರಸಿನ ಮೇಲೆ. ಆ ಮೂರು ದಿನದಲ್ಲಿ ಸ್ನಾಯು ಇನ್ನಷ್ಟು ಸೊರಗುತ್ತದೆ. ಮತ್ತೆ ಆರಾಮದ ದಿನ ಬಂದಾಗ ಮೊದಲಿಗಿಂತ ಕಡಿಮೆ ಕೆಲಸಕ್ಕೇ ನೋವು. ವರ್ಷ ಕಳೆದ ಮೇಲೆ "ನನ್ನಿಂದ ಏನೂ ಆಗಲ್ಲ" ಎನ್ನುವ ಹಂತಕ್ಕೆ ಬಂದಿರುತ್ತೇವೆ.

ಇದನ್ನು ಮುರಿಯಲು ನೋಟ್‌ಬುಕ್ ಬೇಕು. ಐದು ದಿನ ಬರೆಯಿರಿ. ಯಾವ ಕೆಲಸ, ಎಷ್ಟು ನಿಮಿಷಕ್ಕೆ ನೋವು ಏರಲು ಶುರುವಾಯಿತು, ಅಷ್ಟೇ. ಬಗ್ಗಿ ಕಳೆ ತೆಗೆಯುವುದು 20 ನಿಮಿಷ, ಕೂತು ರೊಟ್ಟಿ ಬಡಿಯುವುದು 15, ಬೈಕ್ 30, ಹೀಗೆ. ಆಮೇಲೆ ಪ್ರತಿಯೊಂದರಿಂದ ಕಾಲುಭಾಗ ಕಳೆಯಿರಿ. 20 ನಿಮಿಷಕ್ಕೆ ಏರುತ್ತಿದ್ದರೆ ನಿಮ್ಮ ಅಳತೆ 15. ಮೊಬೈಲ್‌ನಲ್ಲಿ 15 ನಿಮಿಷಕ್ಕೆ ಅಲಾರಂ ಇಡಿ. ಅದು ಹೊಡೆದಾಗ ನೋವು ಇರಲಿ ಬಿಡಲಿ, ಎದ್ದು ನಿಂತು ಎರಡು ನಿಮಿಷ ಅಡ್ಡಾಡಿ. ಆಮೇಲೆ ಬೇಕಾದರೆ ಮತ್ತೆ ಅದೇ ಕೆಲಸ.

ಇಲ್ಲಿ ತಪ್ಪುವುದು ಎಲ್ಲಿ ಅಂದರೆ, ಆರಾಮದ ದಿನ ಅಲಾರಂ ಹೊಡೆದರೂ "ಇನ್ನೊಂದು ಸಾಲು ಮುಗಿಸಿಬಿಡೋಣ" ಎನ್ನುತ್ತೇವೆ. ಆ ಒಂದು ಸಾಲೇ ಮೂರು ದಿನ ಮಲಗಿಸುವುದು. ನೋವಿನ ದಿನವೂ ಪೂರ್ತಿ ಬಿಡಬೇಡಿ, ಅಳತೆಯ ಅರ್ಧವಾದರೂ ಮಾಡಿ. ವಾರಕ್ಕೊಮ್ಮೆ ಎರಡು ಮೂರು ನಿಮಿಷ ಹೆಚ್ಚಿಸಿ. ಕೂಲಿಯವರಿಗೆ ಇದು ಕಷ್ಟ, ಗೊತ್ತು. ಸಾಲಿನಲ್ಲಿ ಎಲ್ಲರೂ ಬಗ್ಗಿರುವಾಗ ಒಬ್ಬರೇ ಎದ್ದು ನಿಂತರೆ ಮಾತು ಬರುತ್ತದೆ. ಪೂರ್ತಿ ನಿಲ್ಲಲಾಗದಿದ್ದರೆ ಕೆಲಸ ಬದಲಿಸಿ. ಸ್ವಲ್ಪ ಹೊತ್ತು ಕಳೆ, ಸ್ವಲ್ಪ ಹೊತ್ತು ಹೊರೆ ಕಟ್ಟುವುದು, ನೀರು ತರುವುದು. ಬೆನ್ನಿಗೆ ಬೇಕಿರುವುದು ಭಂಗಿ ಬದಲಾಗುವುದು.

4. ನಡಿಗೆ

ಆಸ್ಟ್ರೇಲಿಯಾದಲ್ಲಿ, ಟೊಂಕ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು. ಫಲಿತಾಂಶ 2024ರಲ್ಲಿ ಬಂತು. ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಲ್ಲಿ ಅರ್ಧ ಜನಕ್ಕೆ ನೋವು ಮರುಕಳಿಸಲು 208 ದಿನ ಹಿಡಿಯಿತು, ಸುಮ್ನೆ ಬಿಟ್ಟವರಲ್ಲಿ 112 ದಿನ. ಖರ್ಚಿಲ್ಲದ ಔಷಧಿ ಇದಕ್ಕಿಂತ ಯಾವುದು ಬೇಕು?

ಹತ್ತು ನಿಮಿಷದಿಂದ ಶುರು ಮಾಡಿ. ಅದೂ ಆಗದಿದ್ದರೆ ಐದೈದು ನಿಮಿಷ ಎರಡು ಸಲ. ನಿಧಾನವಾಗಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷಕ್ಕೆ ಬನ್ನಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಏಳರೊಳಗೆ ಮುಗಿಸಿ. "ಹೊಲದಲ್ಲಿ ದಿನವಿಡೀ ನಡೀತೀನಿ, ಮತ್ತೆ ನಡಿಗೆ ಯಾಕೆ?" ಎಂದು ಕೇಳುತ್ತಾರೆ. ಬಗ್ಗಿ ಹೆಜ್ಜೆ ಸರಿಸುವುದು ಬೇರೆ, ಎದೆ ಎತ್ತಿ ಕೈಬೀಸಿ ನಡೆಯುವುದು ಬೇರೆ.

5. ನಾಲ್ಕು ವ್ಯಾಯಾಮ, ಹದಿನೈದು ನಿಮಿಷ

ನೆಲಕ್ಕೆ ಕೌದಿ ಹಾಸಿ. ಎದ್ದ ತಕ್ಷಣ ಬೇಡ, ಒಂದು ಗಂಟೆ ಬಿಡಿ. ರಾತ್ರಿಯಿಡೀ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿದಿರುತ್ತದೆ, ಆಗ ಬಗ್ಗಿದರೆ ನೋವು ಹೆಚ್ಚು.

ಬೆಕ್ಕಿನ ಭಂಗಿ. ಮೊಣಕಾಲು, ಅಂಗೈ ಊರಿ ನಿಲ್ಲಿ. ಬೆನ್ನನ್ನು ನಿಧಾನವಾಗಿ ಮೇಲೆ ಕಮಾನಿನಂತೆ ಎತ್ತಿ, ಹಾಗೆಯೇ ಕೆಳಗಿಳಿಸಿ. ಎಂಟು ಸಲ. ಕೊನೆವರೆಗೂ ಒತ್ತಬೇಡಿ, ಇದು ಬಿಗಿ ಬಿಡಿಸಲು ಮಾತ್ರ.

ಸೇತುವೆ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ನೆಲಕ್ಕೆ. ಕುಂಡಿಯ ಸ್ನಾಯು ಬಿಗಿಹಿಡಿದು ಟೊಂಕ ಎತ್ತಿ. ಐದು ಎಣಿಸಿ ಇಳಿಸಿ. ಎಂಟು ಸಲ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದವನ್ನು ಇನ್ನಷ್ಟು ಹತ್ತಿರ ತನ್ನಿ.

ಎದುರುಬದುರು ಕೈಕಾಲು. ಮತ್ತೆ ಬೆಕ್ಕಿನಂತೆ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಐದು ಎಣಿಸಿ, ಆಮೇಲೆ ಇನ್ನೊಂದು ಬದಿ. ಬೆನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟಿದ್ದಾರೆ ಎಂದುಕೊಳ್ಳಿ, ಚೆಲ್ಲಬಾರದು. ಕಾಲು ಜಾಸ್ತಿ ಎತ್ತಿದರೆ ಟೊಂಕ ಬಾಗುತ್ತದೆ. ಎಲ್ಲರೂ ಮಾಡುವ ತಪ್ಪು ಅದೇ.

ಪಕ್ಕದ ಹಲಗೆ. ಒಂದು ಪಕ್ಕಕ್ಕೆ ಮಲಗಿ, ಮೊಣಕಾಲು ಮಡಿಸಿ, ಮೊಣಕೈ ಊರಿ ಟೊಂಕ ಎತ್ತಿ. ಐದರಿಂದ ಹತ್ತು ಎಣಿಸಿ. ಎರಡೂ ಬದಿ ಮೂರು ಮೂರು ಸಲ.

ಸ್ನಾಯು ಎಳೆದಂತಾಗುವುದು, ಮರುದಿನ ತುಸು ನೋಯುವುದು ಸರಿ. ನೋವು ಟೊಂಕದಿಂದ ಕಾಲಿನ ಕಡೆ ಇಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಿ, ಫಿಸಿಯೋಥೆರಪಿಯವರಿಗೆ ತೋರಿಸಿ. ಕಾಲಿನ ನೋವು ಮೇಲಕ್ಕೆ ಬಂದು ಟೊಂಕದಲ್ಲೇ ನಿಂತರೆ, ಟೊಂಕ ತುಸು ಜಾಸ್ತಿ ನೋಯ್ದರೂ ಅದು ಒಳ್ಳೆಯ ಸೂಚನೆ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಹತ್ತನೇ ದಿನಕ್ಕೆ ಬಿಡುವವರು ತುಂಬಾ ಜನ. ನಾನೂ ಎರಡು ಸಲ ಬಿಟ್ಟವನೇ.

6. ಕೆಲಸದ ರೀತಿ ತುಸು ಬದಲಿಸಿ

ರೊಟ್ಟಿ: ನೆಲದ ಮೇಲೆ ಕೂತು ಮುಂದಕ್ಕೆ ಬಾಗಿ 30 ರೊಟ್ಟಿ ಬಡಿದರೆ ಯಾರ ಟೊಂಕವೂ ಉಳಿಯದು. ನಾಲ್ಕು ಬೆರಳು ಎತ್ತರದ ಮಣೆಯ ಮೇಲೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಹತ್ತು ರೊಟ್ಟಿಗೊಮ್ಮೆ ಏಳಿ. ನಿಂತು ಮಾಡುವವರು ಒಂದು ಪಾದವನ್ನು ಗೇಣೆತ್ತರದ ಪೆಟ್ಟಿಗೆಯ ಮೇಲಿಡಿ, ಆಗಾಗ ಕಾಲು ಬದಲಿಸಿ. ಮತ್ತೆ, ಮನೆಯ ಗಂಡಸರಿಗೂ ರೊಟ್ಟಿ ಬಡಿಯಲು ಕಲಿಸಬಹುದು, ಯಾವ ಡಾಕ್ಟರೂ ಬೇಡ ಅಂದಿಲ್ಲ.

ನೀರು, ಸಿಲಿಂಡರ್, ಚೀಲ: 15 ಲೀಟರ್ ಕೊಡ ಅಂದರೆ 15 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಎತ್ತುವಾಗ ಭಾರ ಹೊಟ್ಟೆಗೆ ಹತ್ತಿರ ಇರಲಿ, ಕೈಚಾಚಿ ಎತ್ತಬೇಡಿ. ಎತ್ತಿಕೊಂಡು ಟೊಂಕ ತಿರುಚಬೇಡಿ, ಪಾದ ತಿರುಗಿಸಿ. ಒಂದು ದೊಡ್ಡ ಕೊಡದ ಬದಲು ಎರಡು ಸಣ್ಣವು, ಎರಡೂ ಕೈಗೆ ಒಂದೊಂದು. ತೊಗರಿ ಚೀಲಕ್ಕೆ ಇಬ್ಬರು ಬೇಕೇ ಬೇಕು.

ಕುಳಿತು ಮಾಡುವ ಕೆಲಸ: ಬಿದ್ರಿ ಕೆಲಸದವರು, ಹೊಲಿಗೆಯವರು, ಕಚೇರಿಯವರು ಎಲ್ಲರಿಗೂ ನಿಯಮ ಒಂದೇ. ಅರ್ಧ ಗಂಟೆಗೊಮ್ಮೆ ಎದ್ದು, ಎರಡೂ ಕೈ ಟೊಂಕಕ್ಕಿಟ್ಟು ಐದು ಸಲ ಮೆಲ್ಲಗೆ ಹಿಂದಕ್ಕೆ ಬಾಗಿ. ಕುರ್ಚಿಯಲ್ಲಿ ಟೊಂಕದ ಹಿಂದೆ ಸುತ್ತಿದ ಟವೆಲ್ ಇಡಿ. "ಸರಿಯಾದ ಭಂಗಿ" ಎಂದು ಕಲ್ಲಿನಂತೆ ಕೂರುವುದೂ ನೋವೇ.

ಬೈಕ್: ಹಿಂದಿನ ಜೇಬಿನ ಪರ್ಸ್ ಮೊದಲು ತೆಗೆಯಿರಿ. ಗುಂಡಿ, ಹಂಪ್ ಬಂದಾಗ ಪಾದದ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಿ. ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುವವರು ಬಸ್ಸಿನ ಕೊನೆಯ ಸೀಟು ಬಿಟ್ಟು ನಡುವಿನದು ಹಿಡಿಯಿರಿ, ಅಲ್ಲಿ ಕುಲುಕು ಕಡಿಮೆ.

7. ಗುಳಿಗೆ, ಸೂಜಿ, ಬೆಲ್ಟ್

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಇವೆಲ್ಲ ಒಂದೇ ಜಾತಿಯ ನೋವಿನ ಗುಳಿಗೆಗಳು. ನೋವು ಏರಿದಾಗ ಡಾಕ್ಟರ್ ಹೇಳಿದಷ್ಟು ದಿನಕ್ಕೆ ಸರಿ. ಔಷಧಿ ಅಂಗಡಿಯಲ್ಲಿ ಕೇಳಿ ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬಿಪಿ ಏರಿಕೆ, ಕಿಡ್ನಿ ತೊಂದರೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಈ ಗುಳಿಗೆ ಕಿಡ್ನಿಗೆ ಇನ್ನೂ ಕೆಟ್ಟದ್ದು. ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ಮುಟ್ಟಲೇಬಾರದು.

"ಒಂದು ಸೂಜಿ ಹಾಕಿದರೆ ಮೂರು ವಾರ ಆರಾಮ" ಎನ್ನುವ ಕಡೆ ಮತ್ತು ಹೆಸರಿಲ್ಲದ ಪುಡಿ ಕೊಡುವ ಕಡೆ ಎಚ್ಚರ. ಅಂಥವುಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಮುಖ ಊದಿಕೊಂಡು, ಸಕ್ಕರೆ ಏರಿ, ಎಲುಬು ಟೊಳ್ಳಾದ ಮೇಲೆ ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಟೊಂಕ ನೋವಿಗೆಂದೇ ಸಲಹೆ ಕೊಟ್ಟಿತು. ವ್ಯಾಯಾಮ, ತಿಳುವಳಿಕೆ, ಮಸಾಜ್‌ನಂಥವು ಅದರಲ್ಲಿವೆ. ಟೊಂಕದ ಬೆಲ್ಟ್ ಮತ್ತು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಅನ್ನು ಮಾಮೂಲಾಗಿ ಬಳಸಬೇಡಿ ಎಂದಿದೆ. ನಿಮ್ಮ ಮನೆಯಲ್ಲೂ ಒಂದು ಬೆಲ್ಟ್ ಮೂಲೆಯಲ್ಲಿದೆ, ಅಲ್ವಾ? ಭಾರದ ಕೆಲಸದ ದಿನ ಒಂದು ತಾಸು ಕಟ್ಟಿದರೆ ಹಾಳಾಗುವುದೇನಿಲ್ಲ. ದಿನವಿಡೀ ಅದನ್ನೇ ನಂಬಬೇಡಿ. ಎಣ್ಣೆ ತಿಕ್ಕಿಸಿಕೊಳ್ಳಿ, ಹಿತವಾಗುತ್ತದೆ. ಟೊಂಕದ ಮೇಲೆ ಕಾಲಿಟ್ಟು ತುಳಿಸಿಕೊಳ್ಳಬೇಡಿ.

8. ರಾತ್ರಿ, ಮತ್ತು ಮತ್ತೆ ಹಿಡಿದುಕೊಂಡ ದಿನ

ಬರೀ ಪರಸಿಕಲ್ಲಿನ ಮೇಲೆ ಮಲಗಿದರೆ ಬೆನ್ನು ನೆಟ್ಟಗಾಗುತ್ತದೆ ಎಂಬುದು ಹಳೆಯ ಮಾತು. ನಡುವೆ ಜೋತುಬಿದ್ದ ಹೊರಸೂ ಬೇಡ, ಬರೀ ಕಲ್ಲೂ ಬೇಡ. ಮಧ್ಯಮ ಗಟ್ಟಿಯ ಹತ್ತಿ ಗಾದಿ ಸಾಕು. ಪಕ್ಕಕ್ಕೆ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಡಿ, ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಊರಿ ಏಳಿ.

ಇಷ್ಟೆಲ್ಲ ಮಾಡಿದರೂ ವರ್ಷದಲ್ಲಿ ಒಂದೆರಡು ಸಲ ಹಿಡಿದುಕೊಳ್ಳುತ್ತದೆ. ಆ ದಿನಕ್ಕೆ ಈ ಪಟ್ಟಿಯನ್ನು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಈಗಲೇ ಬರೆದಿಡಿ, ನೋವಿನಲ್ಲಿ ತಲೆ ಓಡುವುದಿಲ್ಲ. ಮೊದಲು ಒಂದನೇ ಹಂತದ ಗುರುತು ನೋಡುವುದು. ಇಲ್ಲವಾದರೆ ಕಾಲನ್ನು ಕುರ್ಚಿಯ ಮೇಲಿಟ್ಟು ನೆಲದ ಮೇಲೆ ಹತ್ತು ನಿಮಿಷ ಮಲಗುವುದು. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಕಾವು. ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಸ್ಪರ್ಶ ಕಡಿಮೆಯಾದವರು ಬೇರೆಯವರ ಕೈಯಿಂದ ಬಿಸಿ ಮುಟ್ಟಿ ನೋಡಿಸಬೇಕು, ಸುಟ್ಟದ್ದು ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಸುತ್ತು. ಪೂರ್ತಿ ಮಲಗುವುದು ಒಂದು ದಿನ, ಹೆಚ್ಚೆಂದರೆ ಎರಡು. ಮೂರನೇ ದಿನ ಐದು ನಿಮಿಷ ನಡಿಗೆ, ಬೆಕ್ಕಿನ ಭಂಗಿ ನಾಲ್ಕು ಸಲ. ಅಲ್ಲಿಂದ ಅಳತೆಯ ಅರ್ಧದಿಂದ ಮತ್ತೆ ಶುರು. ಎರಡು ವಾರವಾದರೂ ಇಳಿಯದಿದ್ದರೆ ನೋಟ್‌ಬುಕ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. "ತುಂಬಾ ನೋವು" ಎನ್ನುವುದಕ್ಕಿಂತ "15 ನಿಮಿಷ ಕೂತರೆ ಎಡ ಮೀನಖಂಡಕ್ಕೆ ಚಳಕು ಇಳಿಯುತ್ತದೆ" ಎಂದರೆ ಅವರಿಗೂ ಕೆಲಸ ಸುಲಭ.